ಒಂದು ಸೀಟಿಗೆ ನಿಂತವನು

ಡಿಪೋದಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಬಸ್ಸನ್ನು ಹೊರಡಬೇಕಾದ ಹೊತ್ತಿಗೆ ಹೊರಡಿಸಿ, ಮುಟ್ಟಬೇಕಾದ ಹೊತ್ತಿಗೆ ಮುಟ್ಟಿಸುವುದು ಬಿಟ್ಟರೆ ಈ ಡ್ರೈವರನಿಗೆ ಬೇರೆ ಚಪಲವಿರಲಿಲ್ಲ. ಇಸ್ಪೀಟು ಇಲ್ಲ, ಸಿಗರೇಟು ಇಲ್ಲ, ಮಾತಂತೂ ಮೊದಲೇ ಇಲ್ಲ. ಅಂಥವನು ಐವತ್ತು ದಾಟಿದ ಮೇಲೆ ಒಂದು ಸಂಜೆ ಪಾಳಿ ಮುಗಿಸಿ, ಖಾಕಿ ಕಳಚಿ, ಚಡ್ಡಿ ತೊಟ್ಟು, ನಿಂತ ಬಸ್ಸುಗಳ ಸುತ್ತ ಏದುಸಿರು ಬಿಡುತ್ತ ಓಡತೊಡಗಿದರೆ ಮೆಕ್ಯಾನಿಕ್ಕುಗಳು ನಗದೆ ಏನು ಮಾಡಿಯಾರು?

"ಬಸ್ಸು ಕೆಟ್ಟರೆ ತಳ್ಳೋಕೆ ಪ್ರಾಕ್ಟೀಸಾ ಅಣ್ಣ?" ಎಂದ ಒಬ್ಬ, ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಯಿಂದ ಒರೆಸುತ್ತ.

ಅವನು ಇನ್ನೊಂದು ಸುತ್ತು ಓಡಿದ. ಮಾರನೆಯ ದಿನವೂ ಓಡಿದ. ಮೊಣಕಾಲು ಊದಿಕೊಂಡಿತು, ಬಿಸಿನೀರಿನ ಶಾಖ ಕೊಟ್ಟುಕೊಂಡು ಮತ್ತೆ ಓಡಿದ. ಇಪ್ಪತ್ತೊಂದು ಕಿಲೋಮೀಟರ್ ಚಿಲ್ಲರೆ ದೂರದ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾನೆಂದು ಗೊತ್ತಿದ್ದದ್ದು ಒಬ್ಬನಿಗೇ, ಅವನ ಬಸ್ಸಿನ ಕಂಡಕ್ಟರನಿಗೆ. ಯಾಕೆಂದು ಗೊತ್ತಿದ್ದದ್ದೂ ಅವನಿಗೇ, ಅದೂ ಅರ್ಧಂಬರ್ಧ.

ಕಾರಣ ಮಗಳು. ಅವಳು ಆ ಓಟದಲ್ಲಿ ಓಡುವವಳಿದ್ದಳು.

ಸ್ಟೇರಿಂಗ್ ಹಿಡಿದವನ ಫೋನು ಕಂಡಕ್ಟರ್ ಚೀಲದಲ್ಲಿರಬೇಕು ಎಂಬುದು ಈ ಇಬ್ಬರೂ ಮಾಡಿಕೊಂಡಿದ್ದ ಕಟ್ಟುಪಾಡು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಚೀಲದೊಳಗೆ ಫೋನು ಬಡಿದುಕೊಂಡಿತು, ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಕಂಡಕ್ಟರ್ ನಿಂತವರ ನಡುವೆ ನುಗ್ಗಿಕೊಂಡು ಮುಂದೆ ಬಂದ.

"ಅಣ್ಣ, ಮಗಳು. ಆಸ್ಪತ್ರೆಯಿಂದ. ಸೈಡಿಗೆ ಹಾಕು."

"ಸ್ಟ್ಯಾಂಡಿಗೆ ಹೋದ್ಮೇಲೆ ಮಾತಾಡ್ತೀನಿ."

"ಅತ್ತಿಗೆಗೆ ಹುಷಾರಿಲ್ವಂತೆ ಅಣ್ಣ."

"ಸ್ಟ್ಯಾಂಡಿಗೆ ಹೋಗ್ಲಿ ಅಂದ್ನಲ್ಲ."

ಬಸ್ಸು ಸರಿಯಾದ ಹೊತ್ತಿಗೇ ಮುಟ್ಟಿತು. ಹೆಂಡತಿ ಅಷ್ಟರಲ್ಲಿ ಹೋಗಿದ್ದಳು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಮಗಳು ಒಬ್ಬಳೇ ಕೂತಿದ್ದಳು, ಅಮ್ಮನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು. ಅಪ್ಪನನ್ನು ಒಮ್ಮೆ ನೋಡಿ, ಮುಖ ತಿರುಗಿಸಿದಳು.

ತಿಥಿಕರ್ಮಗಳೆಲ್ಲ ಮುಗಿದು ಕೆಲಸಕ್ಕೆ ಮರಳಿದಾಗ ಡಿಪೋ ಮ್ಯಾನೇಜರ್ ಎಲ್ಲರೆದುರು ಇವನ ಬೆನ್ನು ತಟ್ಟಿದ. ಅಷ್ಟು ಜನರನ್ನು ನಡುದಾರಿಯಲ್ಲಿ ಕೈಬಿಡದ ಮನುಷ್ಯ ಎಂದು ಹೊಗಳಿದ. ಆ ಹೊಗಳಿಕೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಯಾಕೆಂದರೆ ಕರ್ತವ್ಯವೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಹೆದರಿಕೆಯಾಗಿತ್ತು. ಆ ಫೋನು ಕಿವಿಗಿಟ್ಟರೆ ಏನು ಕೇಳಬೇಕಾಗುತ್ತದೆಂದು ಗೊತ್ತಿತ್ತು. ಚಕ್ರ ಉರುಳುತ್ತಿರುವಷ್ಟು ಹೊತ್ತು ಹೆಂಡತಿ ಬದುಕಿದ್ದಾಳೆ ಎಂದು ಗಟ್ಟಿಯಾಗಿ ನಂಬಿಕೊಂಡು, ಸ್ಟೇರಿಂಗ್ ಬಿಗಿ ಹಿಡಿದು ಕೂತಿದ್ದ. ಇದನ್ನು ಅವನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಮನೆಯಲ್ಲಿ ಎರಡೇ ಕೋಣೆ. ಮಗಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಅಡುಗೆ ಮಾಡುತ್ತಿದ್ದಳು, ತಟ್ಟೆ ಮುಚ್ಚಿಡುತ್ತಿದ್ದಳು, ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಮಾತು ಪೂರ್ತಿ ನಿಂತಿತ್ತು ಎನ್ನುವಂತಿಲ್ಲ. "ಗ್ಯಾಸ್ ಮುಗ್ದಿದೆ" ಎಂದು ಒಲೆಗೆ ಹೇಳುತ್ತಿದ್ದಳು. "ನಾಳೆ ನೀರು ಬರಲ್ಲ" ಎಂದು ನಲ್ಲಿಗೆ ಹೇಳುತ್ತಿದ್ದಳು. ಅಪ್ಪ ಎಂಬ ಶಬ್ದ ಮಾತ್ರ ಆ ಮನೆಯಿಂದ ಗುಳೆ ಹೋಗಿತ್ತು.

ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಬಾಗಿಲ ಮುಂದೆ ನಿಂತಿದ್ದ. ಮುಖಕ್ಕೆ ಮುಖ ಕೊಟ್ಟು ಮಾತಾಡಲು ಅವನಿಗೆ ಹುಟ್ಟಾ ಬರುತ್ತಿರಲಿಲ್ಲ, ನಾಲಿಗೆ ಕಟ್ಟಿಬಿಡುತ್ತಿತ್ತು. ಹೆಂಡತಿಯೊಡನೆ ಮನಸ್ಸು ಬಿಚ್ಚಿ ಆಡಿದ ಮಾತುಗಳೆಲ್ಲ ಅವಳು ಅವನ ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ಕೂತಾಗ ಆಡಿದವೇ, ಕಣ್ಣನ್ನು ರಸ್ತೆಯಿಂದ ಕೀಳದೆ. ಹಾಗಾಗಿ ಅವನಿಗೆ ಹೊಳೆದದ್ದು ಇಷ್ಟು: ಓಟದಲ್ಲಿ ಬಾಗಿಲಿಲ್ಲ, ಚಿಲಕವಿಲ್ಲ. ಪಕ್ಕದಲ್ಲಿ ಓಡುತ್ತ, ಮುಂದೆ ನೋಡುತ್ತ, ಹೇಳಬಹುದು. ಹುಚ್ಚು ಲೆಕ್ಕವೇ. ಆದರೆ ಅವನ ಬಳಿ ಬೇರೆ ಲೆಕ್ಕವಿರಲಿಲ್ಲ.

ಹೆಸರು ಕೊಡುವಾಗ ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಉಳಿದವರು ತಮ್ಮ ಕಾಲನ್ನು ನೋಡಿಕೊಂಡು ಉತ್ತರ ಕೊಟ್ಟರೆ, ಈ ಮಹಾಶಯ ವೇಳಾಪಟ್ಟಿ ಬರೆಯುವವನಂತೆ, ಹೊರಡುವುದು ಆರಕ್ಕೆ, ಮುಟ್ಟುವುದು ಎಂಟಕ್ಕೆ ಎಂದು ಎರಡು ಗಂಟೆ ಬರೆದುಕೊಟ್ಟಿದ್ದ. ಹಾಗಾಗಿ ಓಟದ ಬೆಳಿಗ್ಗೆ ಅವನನ್ನು ಮುಂದಿನ ಗುಂಪಿನಲ್ಲಿ, ಜಿಂಕೆಕಾಲಿನ ಹುಡುಗರ ನಡುವೆ ನಿಲ್ಲಿಸಿದರು. ಮಗಳು ಅಲ್ಲಿರಲಿಲ್ಲ. ವರ್ಷದಿಂದ ಓಡುತ್ತಿರುವವಳು, ಇನ್ನೂ ಮುಂದೆ ನಿಂತಿರಬೇಕು ಎಂದುಕೊಂಡ. ಹಿಂದೆಯೂ ಒಂದು ಗುಂಪಿದೆ, ಅದು ತಡವಾಗಿ ಹೊರಡುತ್ತದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಬಸ್ಸಿನ ಹಿಂಬದಿ ಏನಿದ್ದರೂ ಕಂಡಕ್ಟರನ ಪಾಲು.

ಓಡಿದ. ಮುಂದೆ ಕಂಡ ಪ್ರತಿ ಜಡೆಯೂ ಅವಳದೇ ಅನಿಸಿತು. ಹತ್ತಿರ ಹೋದರೆ ಬೇರೆ ಯಾರೋ. ಇನ್ನಷ್ಟು ಜೋರಾಗಿ ಓಡಿದ. ಬೀಗ ಹಾಕಿದ ಅಂಗಡಿಗಳು, ಗೋದಾಮಿನ ಉದ್ದ ಗೋಡೆ, ನೀರು ಕೊಡುವವರ ಮೇಜು, ಎಲ್ಲ ಹಿಂದೆ ಸರಿದವು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದು ಇಟ್ಟುಕೊಂಡ. ಹದಿನಾರನೆಯ ಕಿಲೋಮೀಟರಿನ ಹೊತ್ತಿಗೆ ತೊಡೆಗಳು ಕಲ್ಲಾಗಿದ್ದವು. ಅಲ್ಲಿ ಸೇತುವೆಯ ಕಟ್ಟೆಯ ಬಳಿ ಕಂಡಕ್ಟರ್ ಬಾಳೆಹಣ್ಣು ಹಿಡಿದು ನಿಂತಿದ್ದ, ಅಭ್ಯಾಸಬಲದಿಂದ ಕೊರಳಲ್ಲಿ ಸೀಟಿ.

"ಅವಳು ಮುಂದೆ ಹೋದ್ಲಾ?"

"ಕಾಣ್ಲಿಲ್ಲ ಅಣ್ಣ. ಸ್ವಲ್ಪ ನಿಧಾನ."

ನಿಧಾನ ಮಾಡುವವನೆಲ್ಲಿ? ಮುಂದಕ್ಕೇ ಹೋದ. ಅವನು ಸೇತುವೆಯ ಆ ತುದಿ ಮುಟ್ಟುವಷ್ಟರಲ್ಲಿ ಕಂಡಕ್ಟರ್ ಹಿಂದೆ ತಿರುಗಿ ನೋಡಿದ, ಮಗಳು ಬರುತ್ತಿದ್ದಳು. ಕೂಗಿದರೆ ಕೇಳಿಸದು. ಸೀಟಿ ಬಾಯಿಗಿಟ್ಟು ಒಂದೇ ಒಂದು ಸಲ ಊದಿದ.

ಒಂದು ಸೀಟಿ ಎಂದರೆ ನಿಲ್ಲಿಸು, ಎರಡೆಂದರೆ ಹೋಗು. ಇಷ್ಟು ವರ್ಷ ಆ ಸದ್ದಿಗೆ ಬಲಗಾಲು ತಾನೇ ಬ್ರೇಕ್ ಹುಡುಕಿದ್ದ ಮನುಷ್ಯ. ಬೇರೆ ಯಾವ ಓಟಗಾರನೂ ಹಾಗೆ ಮಾಡುತ್ತಿರಲಿಲ್ಲ. ಇವನು ಓಡುತ್ತಿದ್ದವನು ಗಕ್ಕನೆ ನಿಂತ. ಬಿಸಿಯೇರಿದ ಮೀನಖಂಡ ಗಂಟುಕಟ್ಟಿ ಎಳೆಯಿತು, ಹಾಗೆಯೇ ರಸ್ತೆಯಂಚಿಗೆ ಕುಸಿದು ಕೂತ.

ಕಂಡಕ್ಟರ್ ಓಡೋಡಿ ಬಂದು ಅವನ ಪಾದ ಹಿಡಿದು ಒತ್ತತೊಡಗಿದ. ಅವನ ಹಿಂದೆಯೇ ಮಗಳು. ಮೊದಲು ಸೀಟಿ ನೋಡಿದಳು, ಆಮೇಲೆ ಅಪ್ಪನ ಎದೆಗೆ ಪಿನ್ನು ಹಾಕಿದ್ದ ನಂಬರು. ನಿಂತಲ್ಲೇ ಕಾಲು ಆಡಿಸುತ್ತಿದ್ದವಳು ಆಡಿಸುವುದನ್ನು ಬಿಟ್ಟಳು.

"ಚಿಕ್ಕಪ್ಪ, ಇವ್ರು ಯಾಕೆ ಇಲ್ಲಿ?" ಎಂದು ಕಂಡಕ್ಟರನನ್ನು ಕೇಳಿದಳು.

"ನಿನ್ನ ಜೊತೆ ಓಡ್ಬೇಕು ಅಂತ ಬಂದಿದಾನೆ ಕಣಮ್ಮ. ನೀನು ಮುಂದಿದೀಯ ಅಂತ ಜೀವ ಬಿಟ್ಟು ಓಡ್ದ. ನಾನೇ ಸೀಟಿ ಊದಿ ನಿಲ್ಲಿಸ್ದೆ."

ಅವಳು ಅಪ್ಪನ ಮುಖವನ್ನೇ ನೋಡಿದಳು. ಎರಡು ವರ್ಷದಿಂದ ಕಾದಿದ್ದ ಗಳಿಗೆ ಎದುರಿಗೆ ಬಂದು ನಿಂತಿತ್ತು. ಆದರೆ ಮುಖಕ್ಕೆ ಮುಖವಾಗಿ. ಅವನ ಬಾಯಿ ತೆರೆಯಿತು, ನಾಲಿಗೆ ಏಳಲಿಲ್ಲ. ಕಣ್ಣು ಸೀದಾ ಅವಳ ಬೂಟಿನ ದಾರಕ್ಕೆ ಹೋಗಿ ನಿಂತಿತು.

"ಅಪ್ಪ," ಎಂದಳು ಅವಳು, ಮೆತ್ತಗೆ. "ಚಿಕ್ಕಪ್ಪ ಒಂದು ಸೀಟಿ ಊದಿದ್ಕೆ ನಿಂತ್ಬಿಟ್ಯಲ್ಲ. ಅವತ್ತು ನಾನು ಎಷ್ಟು ಸಲ ಫೋನ್ ಮಾಡ್ದೆ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಅದು ಇರಲಿಲ್ಲ. ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಕಾದಳು. ಅವನಿಂದ ಏನೂ ಬಾರದಿದ್ದಾಗ, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವನ ಪಕ್ಕ ಇಟ್ಟು, ಓಡತೊಡಗಿದಳು.

ಕಂಡಕ್ಟರ್ ಕಣ್ಣೊರೆಸಿಕೊಂಡ. ಏನು ಮಾಡಬೇಕೋ ತೋಚದೆ, ಸೀಟಿಯನ್ನು ಮತ್ತೆ ಬಾಯಿಗೆ ತಂದ.

"ಬೇಡ ಕಣೋ," ಎಂದ ಅವನು. "ಊದ್ಬೇಡ."

ಕಟ್ಟೆ ಹಿಡಿದು ಎದ್ದ. ಒಂದು ಕಾಲು ಎಳೆದುಕೊಂಡು ಒಬ್ಬನೇ ನಡೆಯತೊಡಗಿದ. ದೂರದಲ್ಲಿ ಅವಳ ಬೆನ್ನು ಕಾಣುತ್ತಿತ್ತು, ತಿರುವಿನಲ್ಲಿ ಮರೆಯಾಯಿತು. ಈಗ ಎದುರಿಗೆ ರಸ್ತೆ ಮಾತ್ರ ಇತ್ತು. ಅದನ್ನೇ ನೋಡುತ್ತ ನಡೆಯುವಾಗ ನಾಲಿಗೆ ತಾನಾಗಿ ಸಡಿಲವಾಯಿತು.

"ನಂಗೆ ಹೆದ್ರಿಕೆ ಆಗಿತ್ತು ಕಣಮ್ಮ," ಎಂದ. ಪಕ್ಕದಲ್ಲಿ ಯಾರೂ ಇರಲಿಲ್ಲ. "ನಿಲ್ಲಿಸಿದ್ರೆ ನಿಮ್ಮಮ್ಮ ಸತ್ತೋಗ್ತಾಳೆ ಅನ್ಕೊಂಡಿದ್ದೆ."