ಪುಟ್ಟತಾಯಿಯ ಅಣ್ಣ

ಪುಟ್ಟತಾಯಿ ಎಂಬ ಹೆಂಗಸಿನ ಮೇಲೆ ಕುಸುಮಳಿಗೆ ಹುಡುಗಿಯಾಗಿದ್ದಾಗಲೇ ಸಿಟ್ಟು. ಪುಟ್ಟತಾಯಿ ಇದ್ದದ್ದು ಒಂದು ಕಾದಂಬರಿಯಲ್ಲಿ. ಸಾವಿರದ ಒಂಬೈನೂರ ಐವತ್ತರ ಸುಮಾರಿಗೆ, ಮೂಡಬಿದಿರೆಯ ಹೈಸ್ಕೂಲಿನಲ್ಲಿ ಬಹುಮಾನವಾಗಿ ಸಿಕ್ಕಿದ ಪುಸ್ತಕ ಅದು.

ಘಟ್ಟದ ಮೇಲಿನ ಕಥೆ. ಗಂಡ ಸತ್ತ ಪುಟ್ಟತಾಯಿ ತವರಿಗೆ ಬರುತ್ತಾಳೆ. ಅಣ್ಣ ಸೂರಪ್ಪ ಕೈಬಿಡದೆ ಸಾಕುತ್ತಾನೆ. ಆದರೂ ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು ಅಳುತ್ತಾಳೆ. ತನ್ನ ಮನೆಗೆ ತಾನು ಬಂದವಳಿಗೆ ಅಳು ಯಾಕೆ? ನಾರಾವಿಯ ಕುಸುಮಳದು ತುಳು ಮಾತಾಡುವ ಬಂಟರ ಮನೆ, ಅಳಿಯಕಟ್ಟು. ಮನೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ. ಗಂಡಸು ಯಜಮಾನಿಕೆ ನೋಡಿಕೊಳ್ಳುತ್ತಾನೆ, ಅಷ್ಟೆ. ತವರು ಎಂದರೆ ಇಂಥ ಮನೆಗೇ ಕನ್ನಡದಲ್ಲಿ ಇರುವ ಹೆಸರು ಎಂದು ಅವಳು ತಿಳಿದಿದ್ದಳು. ಹಾಗಾಗಿ ಪುಟ್ಟತಾಯಿ ಅಳುಮುಂಜಿ ಎನಿಸಿಕೊಂಡಳು, ಸೂರಪ್ಪ ದೇವರಂಥವನಾದ.

ಅರವತ್ತೆರಡನೇ ಇಸವಿಯಲ್ಲಿ ಕುಸುಮಳ ತಾಯಿ ತೀರಿಕೊಂಡರು. ಕುಸುಮ ಮಗಳೊಡನೆ ಅದೇ ಮನೆಯಲ್ಲಿದ್ದಳು. ಅಣ್ಣ ರಮಾನಾಥ ಬಿ.ಸಿ.ರೋಡಿನಲ್ಲಿ ಹೋಟೆಲು ಇಟ್ಟು ಹೆಂಡತಿ ಮಕ್ಕಳೊಡನೆ ಅಲ್ಲೇ ಇದ್ದ. ಒಂದು ದಿನ ತಂಗಿಯನ್ನು ಬಂಟ್ವಾಳದ ವಕೀಲರ ಹತ್ತಿರ ಕರೆದುಕೊಂಡು ಹೋದ. ವಕೀಲರು ಘಟ್ಟದ ಮೇಲಿನವರು, ತುಳು ಬಾರದು. ಹುಟ್ಟಿದಂದಿನಿಂದ ತಂಗಿಯೊಡನೆ ತುಳು ಬಿಟ್ಟು ಬೇರೆ ಆಡದ ಅಣ್ಣ ಅಲ್ಲಿ ಕನ್ನಡ ಹಿಡಿದ.

"ಮನೆ, ಗದ್ದೆ ನನ್ನ ಹೆಸರಿಗೆ ಆಗ್ಲಿ. ನೀನೊಂದು ರುಜು ಹಾಕಿದ್ರೆ ಆಯ್ತು. ತವರಿನ ಬಾಗಿಲು ನಿನಗೆ ಯಾವಾಗಲೂ ತೆರೆದೇ ಉಂಟು."

ಈ ಮಾತನ್ನು ಎಲ್ಲೋ ಓದಿದ್ದೇನೆ ಎನಿಸಿತು ಕುಸುಮಳಿಗೆ.

"ಯೋಚನೆ ಮಾಡಿ ಹೇಳ್ತೇನೆ ಅಣ್ಣ," ಎಂದು ಎದ್ದು ಬಂದಳು.

ಮನೆಗೆ ಬಂದು ಪುಸ್ತಕ ತೆಗೆದಳು. ಮಾತು ಸೂರಪ್ಪನದೇ. ಅವನು ಅದನ್ನು ಹೇಳಿದಾಗಲೆಲ್ಲ ಪುಟ್ಟತಾಯಿಯ ಕೈಯಿಂದ ಏನಾದರೊಂದು ಹೋಗುತ್ತದೆ: ಮೊದಲು ಮೈಮೇಲಿನ ಒಡವೆ, ಆಮೇಲೆ ಮಲಗುವ ಕೋಣೆ, ಕಡೆಗೆ ಮಗನ ಶಾಲೆ. ಒಂದು ಲೋಟ ಮಜ್ಜಿಗೆ ಕುಡಿಯುವುದಕ್ಕೂ ಅವಳು ಅತ್ತಿಗೆಯ ಮುಖ ನೋಡುತ್ತಾಳೆ. ಹಿಂದೆ ಓದುವಾಗ ಆ ಮಜ್ಜಿಗೆ ಕುಸುಮಳ ಕಣ್ಣಿಗೇ ಬಿದ್ದಿರಲಿಲ್ಲ. ಮುನ್ನುಡಿ ಬರೆದ ಮಹಾಶಯರಿಗೂ ಬಿದ್ದಿರಲಿಲ್ಲ; ಅವರು ಸೂರಪ್ಪನನ್ನು ಆದರ್ಶ ಸಹೋದರ ಎಂದು ಕೊಂಡಾಡಿದ್ದರು. ಆದರ್ಶವಂತೆ, ಮಣ್ಣಾಂಗಟ್ಟಿ. ಮನೆ ಯಾರದೋ ಅವರು ತಾನೇ ಬಾಗಿಲು ತೆರೆದಿದೆ ಎಂದು ಹೇಳುವುದು? ತನ್ನ ಮನೆಯ ಬಾಗಿಲನ್ನು ತನಗೇ ದಾನ ಕೊಡಲು ಅಣ್ಣ ಹೊರಟಿದ್ದಾನೆ ಎಂದು ಅವಳ ಮೈಯೆಲ್ಲ ಉರಿಯಿತು.

ಮುಂದಿನ ಆದಿತ್ಯವಾರ ರಮಾನಾಥ ರುಜು ಹಾಕಿಸಲು ಬಂದು ಚಾವಡಿಯಲ್ಲಿ ಕೂತ. ಕುಸುಮ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ತುಳು ಆಡಲಿಲ್ಲ, ಕನ್ನಡದಲ್ಲೇ ಹೇಳಿದಳು.

"ನಾನು ರುಜು ಹಾಕುವುದಿಲ್ಲ ಅಣ್ಣ. ಇದು ನನ್ನ ತವರಲ್ಲ, ನನ್ನ ಮನೆ."

"ಪುಸ್ತಕ ಓದಿ ಓದಿ ನಿನ್ನ ತಲೆ ಹಾಳಾಗಿದೆ ಮಾರಾಯ್ತಿ."

"ಒಮ್ಮೆ ಓದಿದಾಗ ಹಾಳಾದದ್ದು. ಇನ್ನೊಮ್ಮೆ ಓದಿದೆ, ಸರಿಯಾಯ್ತು."

ರಮಾನಾಥ ಧಡಕ್ಕನೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದ. ಅವನು ಗೇಟು ದಾಟುವ ಮೊದಲು ಕುಸುಮ ಚಾವಡಿಯಲ್ಲೇ ನಿಂತು ಕರೆದು ಹೇಳಿದಳು.

"ಬೇಕಾದಾಗ ಬನ್ನಿ ಅಣ್ಣ. ಬಾಗಿಲು ನಿಮಗೆ ಯಾವಾಗಲೂ ತೆರೆದೇ ಉಂಟು."