ಹೊಸ್ತಿಲಲ್ಲೇ ನಿಂತ ಸಿಸ್ಟರ್

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ. ಪೋಲಿಯೋ ಹನಿ ಹಾಕಿದ ಮಕ್ಕಳ ಕಿರುಬೆರಳಿಗೆ ಗುರುತು ಹಾಕುವ ಮಾರ್ಕರ್ ಇರುತ್ತದಲ್ಲ, ಅದು ಒಣಗಿದೆಯೇ ಎಂದು ಮೊದಲು ತಮ್ಮ ಉಗುರಿನ ಮೇಲೆ ಗೆರೆ ಎಳೆದು ನೋಡುತ್ತಿದ್ದರು. ಒಂದು ಗೆರೆ ಮಾಸುವ ಮೊದಲೇ ಇನ್ನೊಂದು. ಆ ಉಗುರಿನಿಂದ ಮೇಜು ಕುಟ್ಟುತ್ತ, ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಕಡಿಮೆಯಿದೆಯೇ ನೋಡುತ್ತ, ಬಾಗಿಲಾಚೆ ಗಲಾಟೆ ಮಾಡುವ ತಾಯಂದಿರನ್ನು ಗದರುತ್ತ, ನಾಲ್ಕು ಹೆಜ್ಜೆ ಅಗಲದ ಕೋಣೆಯಲ್ಲಿ ದಿನವಿಡೀ ಓಡಾಡುತ್ತಿದ್ದರು. ಅವರು ಕೂತದ್ದನ್ನು ನಾನು ಕಂಡವಳಲ್ಲ. ಚಹಾ ಕೂಡ ನಿಂತೇ.

ಮುಂಬಯಿಯ ವಿಕ್ರೋಳಿಯಲ್ಲಿ ನಮ್ಮ ಚಾಳಿನ ಹಿಂದಿನ ಗಲ್ಲಿಯಲ್ಲಿ ಒಂದು ಹೆಲ್ತ್ ಪೋಸ್ಟ್, ಸರಕಾರದ ಪುಟ್ಟ ದವಾಖಾನೆ. ಅವರು ಅಲ್ಲಿಯ ನರ್ಸ್. ಎಲ್ಲರಿಗೂ ಸಿಸ್ಟರ್, ನನಗೂ ಸಿಸ್ಟರ್. ಬಾಗಲಕೋಟೆ ಕಡೆಯವರು. ನಾನು ಮದುವೆಯಾಗಿ ಉಡುಪಿಯಿಂದ ಬಂದವಳು, ಹಿಂದಿ ಅಂದರೆ ಬೆವರುತ್ತಿದ್ದೆ. ಹಾಗಾಗಿ ಮಗಳನ್ನು ಎತ್ತಿಕೊಂಡು ಮೊದಲ ಸಲ ಲಸಿಕೆಗೆ ಹೋದಾಗ, "ಯಾಕ ತಂಗೀ, ಸೂಜಿ ಕೂಸಿಗೆ, ಅಳು ನಿಂದೇನು?" ಎಂಬ ಕನ್ನಡ ಕಿವಿಗೆ ಬಿದ್ದದ್ದೇ, ತವರಿನವರು ಸಿಕ್ಕಷ್ಟು ಸಮಾಧಾನವಾಯಿತು. ಆಮೇಲೆ ಲಸಿಕೆ ಇರಲಿ ಇಲ್ಲದಿರಲಿ, ಬುಧವಾರ ಬಂತೆಂದರೆ ಹೋಗುತ್ತಿದ್ದೆ. ಮಗಳ ತೂಕ ನೋಡಿಸುವುದು ನೆಪ. ಅವರಿಗೂ ಅದು ಗೊತ್ತಿತ್ತು. "ಬಾ, ತೂಗೂಣು. ಹೋದ ವಾರಕ್ಕಿಂತ ಒಂದು ತುತ್ತು ಹೆಚ್ಚಾಗೇತೇನು ನೋಡೂಣು" ಎನ್ನುತ್ತಿದ್ದರು. ಪ್ರತಿ ಮಗುವಿಗೂ ಜೋಡಿ ಕಾರ್ಡು ಇರುತ್ತಿತ್ತು. ಒಂದು ತಾಯಿಯ ಕೈಯಲ್ಲಿ, ಇನ್ನೊಂದು ಅವರ ಹತ್ತಿರ. ಎರಡರಲ್ಲೂ ತೂಕ ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು.

ಮಗಳಿಗೆ ಒಂದೂವರೆ ವರ್ಷ ದಾಟಿತು. ಒಂದು ಮಾತಿಲ್ಲ. ಅಮ್ಮ ಎನ್ನುವುದೂ ಇಲ್ಲ. ಒಂದು ಬುಧವಾರ ತಡೆಯಲಾರದೆ ಕೇಳಿಬಿಟ್ಟೆ.

"ಮನ್ಯಾಗ ಏನ್ ಮಾತಾಡ್ತೀರಿ?" ಎಂದರು.

"ಅತ್ತೆ ತುಳು, ನಾನು ಕನ್ನಡ. ಇವರು ಮಗುವಿನ ಹತ್ರ ಹಿಂದಿ. ಪಕ್ಕದ ಮನೆಯವರು ಮರಾಠಿ."

ಸಿಸ್ಟರ್ ನಕ್ಕರು. "ನಾಕು ಭಾಷಾ ಒಂದ ಕೂಸಿನ ತಲಿಮ್ಯಾಲ ಹೊರಿಸೀರಿ. ಯಾವುದು ಆರಿಸ್ಕೋಬೇಕಂತ ಅದು ಇನ್ನೂ ವಿಚಾರ ಮಾಡಾಕ ಹತ್ತೈತಿ. ಬರತೈತಿ ಬಿಡು, ಮಾತು ಎಲ್ಲಿ ಹೋಗತೈತಿ?" ಎಂದು ಕಾರ್ಡಿನ ಮೂಲೆಯಲ್ಲಿ 'ಮನೆಯಲ್ಲಿ ಭಾಷೆ ಹಲವು, ಚಿಂತೆ ಬೇಡ' ಎಂದು ಬರೆದುಕೊಂಡರು.

ಮುಂಬಯಿಯ ನಮ್ಮವರ ಮನೆಗಳಲ್ಲಿ ಮಗು ಮಾತಾಡದಿದ್ದರೆ ಎಲ್ಲರೂ ಹೇಳುವುದು ಇದನ್ನೇ. ನೆಂಟರು ಹೇಳಿದ್ದರು, ಕೆಳಗಿನ ಮನೆಯವರು ಹೇಳಿದ್ದರು. ಸಿಸ್ಟರ್ ಬಾಯಲ್ಲಿ ಬಂದ ಮೇಲೆ ಮುಗಿಯಿತಲ್ಲ. ನಾನು ಮನೆಗೆ ಬಂದು ಆ ಮಾತಿಗೆ ನನ್ನದೊಂದು ಕಾಯಿದೆ ಸೇರಿಸಿದೆ: ಇನ್ನು ಮೇಲೆ ಮಗುವಿನ ಹತ್ತಿರ ಬರೀ ಹಿಂದಿ, ನನ್ನದು ಹರಕು ಹಿಂದಿಯಾದರೂ ಸರಿ. ನಾಳೆ ಬಾಲವಾಡಿಗೆ, ಶಾಲೆಗೆ ಅದೇ ಬೇಕಲ್ಲವೇ! ನನ್ನ ಗಂಡ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದವರು, ಬೆಳಿಗ್ಗೆ ಹೋದರೆ ಮಗಳು ಮಲಗುವ ಹೊತ್ತಿಗೆ ಬರುವವರು, ಆಗಲಿ ಎಂದರು. ಕಷ್ಟವಾದದ್ದು ಅತ್ತೆಗೆ. ಅವರಿಗೆ ಹಿಂದಿ ಬಾರದು. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ ತುಳುವಿನಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದವರು ನಾನು ಕಣ್ಣು ದೊಡ್ಡದು ಮಾಡಿದ್ದೇ ಸುಮ್ಮನಾದರು. ಎಣ್ಣೆ ಮಾತ್ರ ಹಚ್ಚುತ್ತಿದ್ದರು. ಎರಡು ವರ್ಷ ಆ ಮನೆಯಲ್ಲಿ ಮಾತಾಡದವರು ಇಬ್ಬರು.

ನಮಗೆ ಬೇರೆ ಅನುಮಾನ ಬರಲಿಲ್ಲ. ಕುಕ್ಕರಿನ ಸೀಟಿಗೆ ತಿರುಗುತ್ತಾಳಲ್ಲ! ಲೋಕಲ್ ರೈಲು ಹೋದರೆ ಕೈ ಬೀಸುತ್ತಾಳಲ್ಲ! ಮುಖ ನೋಡಿ ಮಾತಾಡಿಸಿದರೆ ನಗುತ್ತಾಳೆ, ಲೋಟ ತೋರಿಸಿ ಹೇಳಿದರೆ ಲೋಟ ತರುತ್ತಾಳೆ. ಮೂರೂವರೆ ವರ್ಷಕ್ಕೆ ಬಾಲವಾಡಿಗೆ ಸೇರಿಸಿದೆವು. ಹದಿನೈದು ದಿನಕ್ಕೆ ಟೀಚರ್‌ದು ದೂರು: ಕರೆದರೆ ಬರುವುದಿಲ್ಲ, ತುಂಬ ಹಠ. ನಾನು ಮನೆಗೆ ಬಂದು ಮಗಳಿಗೆ ಎರಡು ಬಾರಿಸಿದೆ. ಈಗ ನೆನೆದರೆ ಕೈ ಉರಿಯುತ್ತದೆ.

ಸಿಸ್ಟರ್ ಜಂತುಹುಳದ ಮಾತ್ರೆ ಕೊಡಲು ಬಾಲವಾಡಿಗೆ ಹೋದದ್ದು ಆ ವಾರವೇ. ಟೀಚರ್ ಹಾಡು ಹೇಳಿಸುತ್ತಿದ್ದರು. ಎಲ್ಲ ಮಕ್ಕಳ ಜೊತೆ ನನ್ನ ಮಗಳೂ ಬಾಯಿ ಆಡಿಸುತ್ತಿದ್ದಳಂತೆ. ಟೀಚರ್ ಹಲಗೆಯ ಕಡೆ ತಿರುಗಿದರೆ ಅವಳ ಬಾಯಿ ನಿಲ್ಲುತ್ತದೆ, ಇತ್ತ ತಿರುಗಿದರೆ ಮತ್ತೆ ಆಡುತ್ತದೆ. ಸಿಸ್ಟರ್ ಮಾತ್ರೆಯ ಡಬ್ಬಿ ಬದಿಗಿಟ್ಟು ಅವಳ ಹಿಂದೆ ಹೋಗಿ ನಿಂತರು. ಮಾರ್ಕರಿನ ಮುಚ್ಚಳವನ್ನು ಟಕ್ ಎಂದು ತೆಗೆದರು. ಅಕ್ಕಪಕ್ಕದ ಮಕ್ಕಳೆಲ್ಲ ಬೆರಳು ಮುಂದೆ ಮಾಡಿಕೊಂಡು ತಿರುಗಿದವು. ಅವಳು ತಿರುಗಲಿಲ್ಲ. ಹೆಸರು ಹಿಡಿದು ಕರೆದರು. ಇಲ್ಲ.

ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ಸಿಸ್ಟರ್, ಕೈಯಲ್ಲಿ ಮಗಳ ಕಾರ್ಡು. ಬೆವರಿನಲ್ಲಿ ಒದ್ದೆಯಾಗಿದ್ದರು. ಪೀಠಿಕೆಯಿಲ್ಲದೆ ಹೇಳಿದರು: "ತಂಗೀ, ಕೂಸಿಗೆ ಸರಿಯಾಗಿ ಕೇಳಸವಲ್ದು. ನಾ ಅವತ್ತ ನೋಡಬೇಕಿತ್ತು, ನೋಡಲಿಲ್ಲ. ಭಾಷಾ ಅಂತ ನಕ್ಕು ಕಳಿಸಿದೆ. ತಪ್ಪು ನಂದು."

ನಮ್ಮ ಊರ ಕಡೆ ಯಾರೇ ಬಂದರೂ ಕೂರಿಸಿ, ಮೊದಲು ನೀರು ಬೆಲ್ಲ ಕೊಡುವುದು ಪದ್ಧತಿ. ಅತ್ತೆ ಅಭ್ಯಾಸದಂತೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಹಿಡಿದು ಬಂದರು. ನಾನು ಅವರ ಕೈಯಿಂದ ತಟ್ಟೆ ಕಸಿದುಕೊಂಡೆ. "ಎರಡು ವರ್ಷ ಸಿಸ್ಟರ್! ಪ್ರತಿ ಬುಧವಾರ ತಂದು ನಿಮ್ಮ ಕೈಯಲ್ಲೇ ಕೊಟ್ಟಿದ್ದೆನಲ್ಲ! ಏನು ನೋಡಿದ್ರಿ ನೀವು?" ಎಂದು ಕಿರುಚಿದೆ. ಚಾಳಿನವರೆಲ್ಲ ಹೊರಗೆ ಬಂದರು. ಸಿಸ್ಟರ್ ಅಲ್ಲಾಡಲಿಲ್ಲ. "ತೂಕ ನೋಡಿದೆ, ಸೂಜಿ ಹಾಕಿದೆ. ಕೂಸಿನ್ನ ನೋಡಲಿಲ್ಲ" ಎಂದರು. ಆಮೇಲೆ, "ನಾಳೆ ಮುಂಜಾನೆ ಎಂಟಕ್ಕ ಸ್ಟೇಷನ್ನಿಗೆ ಬಾ. ಬೈಯೋದು ಲೋಕಲ್‌ನ್ಯಾಗ ಬೈಯುವಂತಿ" ಎಂದು ಹೊರಟುಹೋದರು.

ಅತ್ತೆ ಅಷ್ಟು ದಿನಗಳ ಮೇಲೆ ನನ್ನೆದುರು ಬಾಯಿ ಬಿಟ್ಟರು: "ಪಾಪ, ಬಂದು ಹೇಳಿದ್ರಲ್ಲ ಮಾರಾಯ್ತಿ. ಬೇರೆ ಯಾರು ಹೇಳ್ತಾರೆ?" ನಾನು ಬೆಲ್ಲದ ತಟ್ಟೆಯನ್ನು ಒಳಗಿಟ್ಟು ಮತ್ತೆ ಪಾತ್ರೆ ತೊಳೆಯಲು ಹೋದೆ.

ಸಿಸ್ಟರ್ ರಜೆ ಹಾಕಿ ದೊಡ್ಡಾಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋದರು. ಒಂದು ಸಲವಲ್ಲ, ಐದಾರು ಸಲ. ಲೋಕಲ್‌ನಲ್ಲಿ ಸೀಟು ಸಿಕ್ಕಿದರೆ ನನ್ನನ್ನು ಕೂರಿಸಿ ತಾವು ಎದುರಿಗೆ ನೇತಾಡುತ್ತಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ನೋಡಿ ನೋಡಿ ನನಗೇ ತಲೆ ಸುತ್ತುತ್ತಿತ್ತು. ಎರಡೂ ಕಿವಿಗೆ ಕೇಳಿಸುವ ಮಶೀನು ಬಂತು. ಹಾಕಿದ ದಿನ ಮಗಳು ಖುಷಿಪಡಲಿಲ್ಲ. ದಾದರ್ ಸ್ಟೇಷನ್ನಿನಲ್ಲಿ ಎರಡೂ ಕಿತ್ತೆಸೆದು, ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಹೊರಳಾಡಿ ಅತ್ತಳು. ಇಷ್ಟು ಗದ್ದಲವಿರುವ ಊರಿದು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಸಿಸ್ಟರ್ ಜನರ ಕಾಲಿನ ನಡುವೆ ಬಗ್ಗಿ ಮಶೀನು ಹುಡುಕಿ, ಸೆರಗಿನಲ್ಲಿ ಒರೆಸಿ ಚೀಲದಲ್ಲಿಟ್ಟುಕೊಂಡರು.

"ಮನ್ಯಾಗ ಯಾರ ದನಿ ಮೆತ್ತಗೈತಿ? ಅವರ ಬಾಜೂಕ ಕುಂದ್ರಿಸಿ ಹಾಕು" ಎಂದರು. ನಮ್ಮ ಮನೆಯಲ್ಲಿ ಮೆತ್ತಗಿನ ದನಿ ಅತ್ತೆಯದೊಂದೇ. ನಾನು ಹಿಂದಿಯ ಕಾಯಿದೆ ಹೇಳಿದಾಗ ಸಿಸ್ಟರ್ ತಲೆ ಚಚ್ಚಿಕೊಂಡರು. "ನಿನ್ನ ಭಾಷಾ ಬಿಡು ಅಂತ ನಾ ಯಾವಾಗ ಹೇಳಿದ್ನೇ ಹುಚ್ಚಿ?" ಅವತ್ತಿನಿಂದ ಅತ್ತೆ ಮತ್ತೆ ಎಣ್ಣೆ ಹಚ್ಚುತ್ತ ಮಾತಾಡತೊಡಗಿದರು. ಮಗಳ ಮೊದಲ ಮಾತು ಬರಲು ಏಳು ತಿಂಗಳು ಹಿಡಿಯಿತು. ತುಳುವಿನಲ್ಲೇ ಬಂತು.

ಮುಂದಿನ ಜೂನ್‌ನಿಂದ ಸಿಸ್ಟರ್ ಒಂದು ಹೊಸ ಕೆಲಸ ಹಚ್ಚಿಕೊಂಡರು. ಬಾಲವಾಡಿ ಶುರುವಾಗುವ ದಿನ ಗೇಟಿನಲ್ಲಿ ನಿಲ್ಲುವುದು. ಚೀಲದಲ್ಲಿ ಹಳೆಯ ಕಾರ್ಡುಗಳ ಕಟ್ಟು. ಒಳಗೆ ಬರುವ ಮಗು ತಾವು ಸೂಜಿ ಹಾಕಿದ ಮಗುವೇ ಆದರೆ, ಅದರ ಕಾರ್ಡು ತೆಗೆದು, ಹಿಂದಿನಿಂದ ಮೆಲ್ಲಗೆ ಕರೆಯುವುದು, ದೂರದ ಚಿತ್ರ ತೋರಿಸುವುದು, ಕಣ್ಣಿನ ರೆಪ್ಪೆ ಎಳೆಯುವುದು, ಕೈಗೆ ಸೀಮೆಸುಣ್ಣ ಕೊಟ್ಟು ನೋಡುವುದು. ಕಾರ್ಡಿನ ಬೆನ್ನಿಗೆ ಗೆರೆ ಎಳೆದು ಒಂದು ಕಡೆ 'ಕೂಸು ಹೆಂಗ ಬಂತು', ಇನ್ನೊಂದು ಕಡೆ 'ನಾವು ಕೊಟ್ಟದ್ದು' ಎಂದು ಕನ್ನಡದಲ್ಲಿ ಬರೆಯುತ್ತಿದ್ದರು. ಆಫೀಸಿನವರು ಓದಬಾರದು ಅಂತಲೇ ಕನ್ನಡ. ಮೇಲಿನ ಸಾಹೇಬರೊಬ್ಬರಿಗೆ ಇದು ಹೇಗೋ ಗೊತ್ತಾಗಿ, ಲಸಿಕೆ ಎಲ್ಲರಿಗೂ ಮುಟ್ಟಿದೆ, ಮಕ್ಕಳಿಗೆ ಪರೀಕ್ಷೆ ಮಾಡಲು ನೀವೇನು ಟೀಚರಾ ಎಂದು ಕೇಳಿದರಂತೆ. ಸಿಸ್ಟರ್ ನನಗೆ ಹೇಳಿದ್ದು ಹೀಗೆ: "ನಾ ಅಂದೆ, ಸಾಹೇಬ್ರ, ಇದು ಕೂಸಿನ ಪರೀಕ್ಷಾ ಅಲ್ರಿ, ನಮ್ಮದು. ಹುಟ್ಟಿದಾಗಿಂದ ನಮ್ಮ ಕೈಯಾಗ ಇದ್ದ ಕೂಸು. ಶಾಲಿ ಬಾಗಿಲದಾಗ ಎಡವಿದ್ರ ಅದ್ರಾಗ ನಮ್ಮ ಪಾಲು ಎಷ್ಟು ಅಂತ ಲೆಕ್ಕ ಆಗಬೇಕಲ್ರಿ?" ಸಾಹೇಬರು ಚಹಾ ಕುಡಿದು ಹೋದರಂತೆ. ಆ ಲೆಕ್ಕ ಯಾವ ವರದಿಗೂ ಹೋಗಲಿಲ್ಲ. ಆದರೆ ಗೇಟಿನಿಂದಲೇ ಕನ್ನಡಕಕ್ಕೆ ಹೋದವರು, ರಕ್ತದ ಔಷಧಿಗೆ ಹೋದವರು ನಮ್ಮ ಗಲ್ಲಿಯಲ್ಲಿ ಇದ್ದಾರೆ. ಅವರ ಮನೆ ನನಗೆ ಗೊತ್ತು, ಏಕೆಂದರೆ ಮೂರನೆಯ ವರ್ಷದಿಂದ ಕಾರ್ಡು ಹುಡುಕಿ ಕೊಡುವವಳು ನಾನೇ.

ಸಹಾಯಕ್ಕೆ ಹೋದೆ, ಹೌದು. ಸಿಟ್ಟು ಹೋಯಿತೇ ಎಂದರೆ ಇಲ್ಲ. ಅವರನ್ನು ಕಂಡರೆ ಪ್ರೀತಿಯೂ ಬರುತ್ತಿತ್ತು, ಆ ಎರಡು ವರ್ಷವೂ ನೆನಪಾಗುತ್ತಿತ್ತು. ತಿಂಗಳಿಗೊಮ್ಮೆ ಮಗಳನ್ನು ನೋಡಲು ಮನೆಗೆ ಬರುತ್ತಿದ್ದರು. ಹೊಸ್ತಿಲಲ್ಲೇ ನಿಂತು ಅವಳ ಬಾಯಿಂದ ನಾಲ್ಕು ಮಾತು ಹೊರಡಿಸಿ, ನಾನು ಕೊಟ್ಟ ಚಹಾ ಎರಡು ಗುಟುಕಿಗೆ ಮುಗಿಸಿ, "ಬರ್ತೀನವಾ" ಎಂದು ಹೊರಡುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು ಎಂದು ನಾನು ನಗೆಯಾಡುತ್ತಿದ್ದೆ. ನಿವೃತ್ತಿಯಾದ ಮೇಲೂ ಜೂನ್ ತಪ್ಪಿಸಲಿಲ್ಲ.

ಹೋದ ವರ್ಷ ಗೇಟಿಗೆ ಬರಲಿಲ್ಲ. ಎರಡು ದಿನ ಜ್ವರ, ಮೂರನೆಯ ದಿನ ಹೃದಯ ನಿಂತಿತ್ತು. ನಾನೂ ಬಾಲವಾಡಿಯ ಟೀಚರೂ ಅವರ ಮನೆಗೆ ಹೋದೆವು. ಸೊಸೆ ಕಾರ್ಡುಗಳ ಕಟ್ಟು ತಂದು ನನ್ನ ಕೈಯಲ್ಲಿಟ್ಟರು. ಮೇಲಿದ್ದದ್ದೇ ನನ್ನ ಮಗಳದು. ಬೆನ್ನು ತಿರುಗಿಸಿದೆ. 'ಕೊಟ್ಟದ್ದು' ಎಂಬ ಮಾತನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದರು: 'ತಗೊಂಡದ್ದು. ಎರಡು ವರ್ಷ.'

ವಾಪಸು ಬರುವಾಗ ರಿಕ್ಷಾದಲ್ಲಿ ಟೀಚರ್ ಅಳುತ್ತ ಹಳೆಯದನ್ನೆಲ್ಲ ಹೇಳುತ್ತಿದ್ದರು. ಸಿಸ್ಟರ್ ಅವರ ಮನೆಗೆ ಬಂದರೆ ನೆಲದ ಮೇಲೆ ಕಾಲು ಚಾಚಿ ಕೂತು, ಪೋಹೆ ಎರಡೆರಡು ಸಲ ಹಾಕಿಸಿಕೊಂಡು, ಏಳಿ ಎಂದರೂ ಏಳುತ್ತಿರಲಿಲ್ಲವಂತೆ. ಚಾಳಿನ ಇನ್ನೂ ಮೂರು ಮನೆಗಳಲ್ಲಿ ಕೇಳಿದೆ. ಎಲ್ಲ ಕಡೆಯೂ ಕೂತಿದ್ದಾರೆ. ಒಬ್ಬರ ಮನೆಯಲ್ಲಿ ಮಲಗಿ ನಿದ್ದೆಯನ್ನೂ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಏಳು ವರ್ಷ ಹೊಸ್ತಿಲಲ್ಲಿ ನಿಂತಿದ್ದರು. ಯೋಚಿಸಿ ನೋಡಿದೆ. ಅಷ್ಟು ಸಲ ಚಹಾ ಕೊಟ್ಟಿದ್ದೆ. ಕೂತ್ಕೊಳ್ಳಿ ಎಂದು ಒಂದು ಸಲವೂ ಹೇಳಿರಲಿಲ್ಲ. ಆವತ್ತು ಕಸಿದುಕೊಂಡ ಬೆಲ್ಲದ ತಟ್ಟೆಯನ್ನು ಮತ್ತೆ ಮುಂದಿಟ್ಟಿರಲೂ ಇಲ್ಲ.

ಈ ಜೂನ್‌ಗೆ ಮುಂಚೆ ಹೆಲ್ತ್ ಪೋಸ್ಟಿಗೆ ಬಂದ ಹೊಸ ಸಿಸ್ಟರ್ ನಮ್ಮ ಮನೆ ಹುಡುಕಿಕೊಂಡು ಬಂದಳು. ಚಿಕ್ಕ ವಯಸ್ಸಿನವಳು, ಗುಲ್ಬರ್ಗಾ ಕಡೆಯವಳು. ಗೇಟಿನಲ್ಲಿ ಏನೇನು ನೋಡಬೇಕು ಎಂದು ಕೇಳಿ ತಿಳಿದುಕೊಳ್ಳಬೇಕಿತ್ತಂತೆ. ಬಾಗಿಲಲ್ಲಿ ಚೀಲ ತಬ್ಬಿಕೊಂಡು ನಿಂತಿದ್ದಳು. ನಾನು ಅವಳ ಕಾಲ ಕೆಳಗಿನ ಹೊಸ್ತಿಲನ್ನೇ ನೋಡುತ್ತಿದ್ದೆ. ಒಳಗೆ ಓದುತ್ತ ಕೂತಿದ್ದ ಮಗಳು, ಈಗ ಅವಳಿಗೆ ಹನ್ನೊಂದು, ಕಿವಿಯ ಮಶೀನು ಸರಿಮಾಡಿಕೊಳ್ಳುತ್ತ ಎದ್ದು ಬಂದಳು.

"ಕೂತ್ಕೊಳ್ಳಿ ಸಿಸ್ಟರ್. ನೀರು ತರ್ತೇನೆ," ಎಂದಳು.

ಹೊಸ ಸಿಸ್ಟರ್ ಒಳಗೆ ಬಂದು ಕೂತಳು. ನಾನು ಬೆಲ್ಲದ ಡಬ್ಬಿ ತರಲು ಅಡುಗೆಮನೆಗೆ ಹೋದೆ.