ತಂಗಿಯ ಚರ್ಮ

ಲೈಪ್‌ಜಿಗ್‌ಗೆ ಬಂದ ಮೊದಲ ಭಾನುವಾರ ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಕೆಳಮನೆಯ ಮುದುಕಿ ಹತ್ತಿ ಬಂದು ತುಟಿಗೆ ಬೆರಳಿಟ್ಟು ‘ರೂಹೆ’ ಎಂದಳು. ರೂಹೆ ಎಂದರೆ ನಿಶ್ಶಬ್ದ. ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನ ನಮ್ಮ ಮನೆಯಲ್ಲಿ, ಚಿಕ್ಕಂದಿನಿಂದ ಕಿವಿ ಕೇಳದ ತಂಗಿ ಮಹಾದೇವಿಯನ್ನು ಕರೆಯಲು ನೆಲಕ್ಕೆ ಕಾಲು ಬಡಿಯುತ್ತಿದ್ದೆವು. ಇಲ್ಲಿ ಕಳ್ಳಿಯಂತೆ ನಡೆಯುವುದನ್ನು ಕಲಿತೆ.

ಪ್ರಯೋಗಾಲಯದಲ್ಲಿ ಪುಟ್ಟ ತಟ್ಟೆಗಳಲ್ಲಿ ಜೀವಕೋಶ ಬೆಳೆಸುವುದು ನನ್ನ ಕೆಲಸ. ಕೋಶದ ಹೊರಪೊರೆಯಲ್ಲಿ ಸಂದೇಶ ಹಿಡಿಯುವ ಗ್ರಾಹಕಗಳಿರುತ್ತವೆ. ಅವನ್ನು ಗುಂಪುಗೂಡಿಸಿ ನಿಲ್ಲಿಸುವುದು ಪೊರೆಯದೇ ಒಂದು ಪ್ರೋಟೀನು. ನಾವು ಅದನ್ನು ತೆಗೆದು ನೋಡುತ್ತಿದ್ದೆವು. ಗ್ರಾಹಕಗಳು ಚೆದುರುತ್ತಿದ್ದವು, ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂಬ ಸಂದೇಶ ಒಳಗೆ ಸರಿಯಾಗಿ ಮುಟ್ಟದೆ ಕೋಶಗಳು ಸುಲಭವಾಗಿ ತಟ್ಟೆಯ ತಳ ಬಿಡುತ್ತಿದ್ದವು.

ಒಂದು ಮಧ್ಯಾಹ್ನ ನಮ್ಮ ಮುಖ್ಯಸ್ಥೆ ಹಾನ್ನಾ, ಹುಟ್ಟಿನಿಂದಲೇ ಈ ಪ್ರೋಟೀನಿಲ್ಲದ ಅಪರೂಪದ ಜನರ ಬಗ್ಗೆ ಹೇಳಿದಳು: ಕಿವಿ ಕೇಳುವುದಿಲ್ಲ, ಮೊಣಕಾಲ ಕೆಳಗೆ ಗುಳ್ಳೆ ಏಳುತ್ತವೆ, ಕಿಡ್ನಿ ಕೆಟ್ಟು ಮೂತ್ರದಲ್ಲಿ ನೊರೆ ಬರುತ್ತದೆ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಅವ್ವನಿಗೆ ಫೋನ್ ಮಾಡಿದೆ. “ಮಾದೇವಿ ಕಾಲಾಗ ಗುಳ್ಳಿ ಇನ್ನೂ ಏಳ್ತಾವೇನು?”

“ಏಳ್ತಾವ. ಉಷ್ಣ ಅದು.”

“ಉಚ್ಚಿ ಹೊಯ್ದ್ರ ನೊರಿ ಬರ್ತೈತೇನವ್ವ?”

“ಅಷ್ಟ್ ದೂರ ಕುಂತಾಕಿಗೆ ಅದು ಹೆಂಗ ಗೊತ್ತಾತು?”

ಮುಂದಿನ ತಿಂಗಳು ಮಹಾದೇವಿಗೆ ಸ್ವಾದರಮಾವನೊಡನೆ, ಅಂದರೆ ಅವ್ವನ ತಮ್ಮನೊಡನೆ, ಮದುವೆ ಗೊತ್ತಾಗಿತ್ತು. ಮಾವನಲ್ಲೂ ಇದೇ ದೋಷ ಅಡಗಿರಬಹುದು, ಹುಟ್ಟುವ ಮಕ್ಕಳಿಗೂ ಬರಬಹುದು ಎಂದೆ.

“ಕೂಡಿದ್ದನ್ನ ಮುರಿಬ್ಯಾಡ,” ಎಂದಳು ಅವ್ವ. ಆದರೂ ಮಹಾದೇವಿಯನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ದಳು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಸುದ್ದಿ ಕೇಳಿ ಮಾವನೇ ಹಿಂದೆ ಸರಿದ. ವಿಡಿಯೋದಲ್ಲಿ ಮಹಾದೇವಿ ಕೊರಳ ಸುತ್ತ ತಾಳಿಯ ಗೆರೆ ಎಳೆದು, ನನ್ನತ್ತ ಬೆರಳು ತೋರಿಸಿ, ಕೈ ಕೊಡವಿದಳು. ನೀನೇ ತಪ್ಪಿಸಿದೆ ಎಂದು.

ಖಚಿತವಾಗಲು ಚರ್ಮದ ಚೂರು ಬೇಕಿತ್ತು. ಅದನ್ನು ಯಾಕೆ, ಹೇಗೆ ತೆಗೆಯುತ್ತಾರೆಂದು ನಾನು ಬಿಡಿಸಿ ಕಳಿಸಿದ ಚಿತ್ರಗಳನ್ನು ಎರಡು ದಿನ ನೋಡಿ ಮಹಾದೇವಿ ಒಪ್ಪಿ ಸಹಿ ಹಾಕಿದಳು. ನಮ್ಮ ಪ್ರಯೋಗಾಲಯದ ಪರೀಕ್ಷೆಯಲ್ಲಿ ಆ ಪ್ರೋಟೀನು ಸಿಗಲಿಲ್ಲ. ಎಷ್ಟು ಅಪರೂಪ ಎಂದು ಜೊತೆಯವರು ನನ್ನ ಕೈ ಕುಲುಕಿದರು. ನಾನೂ ನಕ್ಕೆ.

ಈಗ ಅವಳು ಹುಬ್ಬಳ್ಳಿಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಲಗುತ್ತಾಳೆ. ಆ ಚರ್ಮದ ಚೂರಿನಿಂದ ತೆಗೆದ ಅವಳ ಕೋಶಗಳು ಇಲ್ಲಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬೆಳೆಯುತ್ತಿವೆ. ಎರಡು ದಿನಕ್ಕೊಮ್ಮೆ ಅವಕ್ಕೆ ಆಹಾರ ಹಾಕುವವಳು ನಾನೇ, ತಪ್ಪಿದರೆ ಸಾಯುತ್ತವೆ.

“ತಂಗೀನ ನೋಡ್ಕೊಳ್ಳಾಕ ಯಾವಾಗ ಬರ್ತಿ?” ಎಂದು ಅವ್ವ ಕೇಳುತ್ತಾಳೆ.

“ಬರ್ತೇನವ್ವ,” ಎನ್ನುತ್ತೇನೆ, ಪೆಟ್ಟಿಗೆಯ ಬಾಗಿಲು ಮುಚ್ಚುತ್ತಾ. ತಟ್ಟೆಯ ಮೇಲೆ ಹೆಸರಿಲ್ಲ, ಒಂದು ಸಂಖ್ಯೆಯಿದೆ. ಅದನ್ನು ಮಾದೇವಿ ಎನ್ನುವವಳು ಇಲ್ಲಿ ನಾನೊಬ್ಬಳೇ.